ಮೂರನೇ ಸಿಲಿಂಡರಿನ ಪಥ್ಯ

ಹಳೇ ಕಾರು ಇಟ್ಟುಕೊಂಡವನಿಗೆ ಪೆಟ್ರೋಲಿಗೆ ದುಡ್ಡಿಲ್ಲದಿದ್ದೀತು, ಸಲಹೆಗೆ ಮಾತ್ರ ಬರವಿಲ್ಲ. ನಮ್ಮ ಮನೆ ಮುಂದಿರುವುದು 1984ರ ಪ್ರೀಮಿಯರ್ ಪದ್ಮಿನಿ. ಬುಕ್ ಮಾಡಿ ವರ್ಷಗಟ್ಟಲೆ ಕಾದು ಅಪ್ಪ ತಂದದ್ದು. ಅವರ ಬಾಯಲ್ಲಿ ಕೊನೆಯವರೆಗೂ ಅದು ‘ಫಿಯಟ್ಟು’. ಅದಕ್ಕೆ ಆಯಿಲ್ ಬದಲಾಯಿಸಬೇಕೆಂದು ಪಾರ್ಕಿನಲ್ಲಿ ಬಾಯಿಬಿಟ್ಟರೆ ಸಾಕು, ಮಂಡಿನೋವಿನ ಮುದುಕರಿಗೆ ಊರವರೆಲ್ಲ ಪಥ್ಯ ಹೇಳುವ ಹಾಗೆ ಎಲ್ಲರೂ ಶುರುಮಾಡುತ್ತಾರೆ.

ಮಗನದು 5ಡಬ್ಲ್ಯೂ-30 ಪಕ್ಷ. “ಫುಲ್ ಸಿಂಥೆಟಿಕ್ ಹಾಕ್ಸಪ್ಪಾ, ಎಂಜಿನ್ ಬೆಣ್ಣೆ ಆಗುತ್ತೆ.” ಆ ಡಬ್ಲ್ಯೂ ಎಂದರೆ ವಿಂಟರ್. 5ಡಬ್ಲ್ಯೂ ಆಯಿಲ್ಲನ್ನು ಮೈನಸ್ 30 ಡಿಗ್ರಿಯಲ್ಲಿ ಪರೀಕ್ಷೆಗೆ ಒಡ್ಡುತ್ತಾರೆ. ನಮ್ಮ ಗ್ಯಾರೇಜುಗಳ ಹಳೇ 20ಡಬ್ಲ್ಯೂ-40ಕ್ಕೂ ಮೈನಸ್ 15ರ ಪರೀಕ್ಷೆ ಉಂಟು. ಬೆಂಗಳೂರಿನ ಚಳಿಯ ದಾಖಲೆ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಕಾರ್ಲ್ ಬೆಂಝ್ ತನ್ನ ಗಾಡಿಗೆ ಪೇಟೆಂಟ್ ಪಡೆದದ್ದು 1886ರಲ್ಲಿ. ಅಂದರೆ ಅಂಥ ಚಳಿ ಬಿದ್ದಾಗ ಸ್ಟಾರ್ಟ್ ಆಗದೆ ಸತಾಯಿಸಲು ಈ ಊರಲ್ಲಿ ಕಾರೇ ಇರಲಿಲ್ಲ. ನಮಗೆ ಬೇಕಾದದ್ದು ಡಬ್ಲ್ಯೂ ಆಚೆಯ ಅಂಕಿ: ಎಂಜಿನ್ ಕಾದು, ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ನಿಂತು ಬೇಯುವಾಗ ಆಯಿಲ್ ಎಷ್ಟು ಗಟ್ಟಿಯಾಗಿ ಉಳಿಯುತ್ತದೆ ಅನ್ನುವುದು.

ಮೇಸ್ತ್ರಿ ಸಿಂಥೆಟಿಕ್ ಹೆಸರು ಕೇಳಿಯೇ ಕೈ ಅಡ್ಡ ಆಡಿಸಿದರು. “ಬೇಡ ಸಾರ್. ಇದರ ಹೊಟ್ಟೇಲಿರೋ ಕೊಳೆನೇ ಇದಕ್ಕೆ ಪ್ಯಾಕಿಂಗು. ತೊಳೆದುಬಿಟ್ರೆ ಎಲ್ಲಾ ಕಡೆಯಿಂದ ಸೋರುತ್ತೆ.” ನಾನು ಓದಿಕೊಂಡವನ ಗತ್ತಿನಲ್ಲಿ ಸತುವಿನ ಮಾತು ತೆಗೆದೆ. ಕ್ಯಾಮ್ ಮತ್ತು ಟ್ಯಾಪೆಟ್ ಒಂದಕ್ಕೊಂದು ಉಜ್ಜಿ ಸವೆಯದಂತೆ ಆಯಿಲ್ಲಿನಲ್ಲಿ ಸತು-ರಂಜಕದ ಸಂಯುಕ್ತ ಬೆರೆಸುತ್ತಾರೆ. ರಂಜಕ ಹೊಸ ಕಾರುಗಳ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆಂದು ಈಚಿನ ತೆಳು ಆಯಿಲ್ಲುಗಳಲ್ಲಿ ಅದನ್ನು ಕಡಿಮೆ ಮಾಡಿದ್ದಾರೆ. ನಮ್ಮ ಪದ್ಮಿನಿಗೆ ಕನ್ವರ್ಟರೇ ಇಲ್ಲ, ಇರುವುದು ಟ್ಯಾಪೆಟ್ಟಿನ ಟಕಟಕ ಮಾತ್ರ. ಇಷ್ಟನ್ನೂ ತಾಳ್ಮೆಯಿಂದ ಕೇಳಿಸಿಕೊಂಡ ಮೇಸ್ತ್ರಿ, “ಅದಕ್ಕೇ 20-50 ಅಂದಿದ್ದು” ಎಂದರು. ಹಾಗಂತ ಅವರು ಹೇಳೇ ಇರಲಿಲ್ಲ.

ಪ್ಲಗ್ಗಿನ ಸಂಗತಿಯೇ ಬೇರೆ. ನಾಲ್ಕನ್ನೂ ಬಿಚ್ಚಿ, ಸಿಲಿಂಡರಿನ ಕ್ರಮದಲ್ಲೇ ಹಳೇ ಪೇಪರಿನ ಮೇಲೆ ಸಾಲಾಗಿಟ್ಟರು. ಒಂದು, ಎರಡು, ನಾಲ್ಕರ ಪಿಂಗಾಣಿ ತುದಿ ಒಳ್ಳೆ ಬಿಸ್ಕತ್ ಬಣ್ಣ. ಮೂರನೆಯದು ಕರ್ರಗೆ, ಮುಟ್ಟಿದರೆ ಜಿಡ್ಡು. “ಒಣ ಮಸಿ ಇದ್ದಿದ್ರೆ ಪೆಟ್ರೋಲ್ ಜಾಸ್ತಿ ಅಂತ. ಬೆಳ್ಳಗಾಗಿದ್ರೆ ಸಾಲ್ತಿಲ್ಲ ಅಂತ. ಇದು ಒದ್ದೆ ಸಾರ್, ಆಯಿಲ್ ಮೇಲಕ್ಕೆ ಬರ್ತಿದೆ.” ಎಂಜಿನ್ ಇಳಿಸಿ ರಿಂಗ್ ಹಾಕಿಸಬೇಕು, ಅಲ್ಲಿಯವರೆಗೆ ಆ ಒಂದಕ್ಕೆ ಬಿಸಿ ಪ್ಲಗ್. ಅದರ ಪಿಂಗಾಣಿ ಮೂತಿ ಉದ್ದ, ಶಾಖ ಬೇಗ ಬಿಟ್ಟುಕೊಡುವುದಿಲ್ಲ. ತುದಿ 450 ಡಿಗ್ರಿ ದಾಟಿದರೆ ಕೂತ ಜಿಡ್ಡನ್ನು ತಾನೇ ಸುಟ್ಟುಕೊಳ್ಳುತ್ತದೆ. ಮೇಸ್ತ್ರಿಯ ಬಳಿ ಫೀಲರ್ ಗೇಜ್ ಇಲ್ಲ. ಹ್ಯಾಕ್ಸಾ ಬ್ಲೇಡಿನ ತುಂಡೊಂದನ್ನು ತೂರಿಸಿ ಗ್ಯಾಪ್ ನೋಡುತ್ತಾರೆ. ಮನೆಗೆ ಬಂದು ಅಂಥದ್ದೇ ಬ್ಲೇಡನ್ನು ಅಳೆದೆ: 0.6 ಮಿಲಿಮೀಟರ್ ಚಿಲ್ಲರೆ. ಸರಿಯಾಗಿಯೇ ಇತ್ತು, ನನಗೇ ಏಕೋ ಸ್ವಲ್ಪ ನಿರಾಸೆ.

ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಹುಡುಗ ಕಂಪ್ಯೂಟರಿನಲ್ಲಿ ಕಾರಿನ ಹೆಸರು ಹುಡುಕಿ, “ಈ ಮಾಡೆಲ್ಲೇ ತೋರಿಸ್ತಿಲ್ಲ ಅಂಕಲ್” ಅಂದ. ಅಪ್ಪ ಇಂಥ ಅಂಗಡಿಯಲ್ಲಿ “ನಾಲ್ಕು ಮೈಕೋ” ಎಂದಷ್ಟೇ ಹೇಳಿ ಕೈಚಾಚುತ್ತಿದ್ದರು. 1951ರಲ್ಲಿ ಹುಟ್ಟಿದ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಾಯಿಸಿಕೊಂಡಿತು. ಮೈಕೋ ಲೇಔಟಿನವರು ಮಾತ್ರ ಇನ್ನೂ ಒಪ್ಪಿಲ್ಲ. ಈಗ ನಂಬರಿನ ಪೇಚಾಟ. ಬಾಷ್‌ನಲ್ಲಿ ನಂಬರ್ ಏರಿದಷ್ಟೂ ಪ್ಲಗ್ ಬಿಸಿ, ಎನ್‌ಜಿಕೆಯಲ್ಲಿ ಏರಿದಷ್ಟೂ ತಂಪು. ನಾನು ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದಾಗ ಹುಡುಗ ಇರಿಡಿಯಂ ತೋರಿಸಿದ. “ಲಕ್ಷ ಕಿಲೋಮೀಟರ್ ನೋಡೋ ಹಾಗಿಲ್ಲ.” ನಮ್ಮ ಕಾರು ಹೋಗುವುದು ಶನಿವಾರ ಗಾಳಿ ಆಂಜನೇಯನ ಗುಡಿಗೆ. ಲಕ್ಷ ಆಗುವಷ್ಟರಲ್ಲಿ ಆಂಜನೇಯನೇ ‘ಇನ್ನು ಬರಬೇಡಪ್ಪ’ ಅಂದಾನು.

ಕೊನೆಗೆ ಒಳಗಿದ್ದ ಯಜಮಾನರು ಅಟ್ಟದಿಂದ ಧೂಳು ಹಿಡಿದ ಡಬ್ಬಿ ಇಳಿಸಿದರು. ಬೇಕಾಗಿದ್ದದ್ದು ಒಂದೇ ಪ್ಲಗ್. “ಪೂರ್ತಿ ಹತ್ತೂ ತಗೊಂಡ್ಬಿಡಿ ಸಾರ್. ಇದರ ಮೇಲೆ ಸ್ಟಾಕ್ ತರಿಸಲ್ಲ, ಕೇಳೋರಿಲ್ಲ.” ತಗೊಂಡೆ.

ಮನೆಯಲ್ಲಿ ಇವಳು ಡಬ್ಬಿ ತೆರೆದು ಎಣಿಸಿದಳು. “ಒಂದೊಂದು ಎರಡು ವರ್ಷ ಬಂದ್ರೂ ಇಪ್ಪತ್ತು ವರ್ಷಕ್ಕಾಗುತ್ತೆ. ಆಗ ನಿಮಗೆ ಎಂಬತ್ತೆರಡು. ಓಡಿಸೋರು ಯಾರು ರೀ?”

ಮಗ ತಟಕ್ಕನೆ ಮೊಬೈಲಿನಲ್ಲಿ ಏನೋ ಬಹಳ ಮುಖ್ಯವಾದದ್ದನ್ನು ಓದತೊಡಗಿದ.