ಎರಡನೇ ಡಿಕಾಕ್ಷನ್ ಇಲ್ಲದ ಯಂತ್ರ

ನಮ್ಮ ಮುಲುಂಡ್ ಮನೆಗೆ ಎಸ್ಪ್ರೆಸೋ ಯಂತ್ರವೊಂದು ಬಂದು ಇವತ್ತಿಗೆ ಹನ್ನೊಂದು ದಿನ. ಅದಕ್ಕೆ ಜಾಗ ಮಾಡೋದಕ್ಕೆ ಮಿಕ್ಸಿ ಫ್ರಿಜ್ ಮೇಲೆ ಹೋಗಬೇಕಾಯ್ತು. ಲೋಕಲ್ ಟ್ರೈನಿನಲ್ಲಿ ಸರಿದು ಕೂತು ನಾಲ್ಕನೇ ಸೀಟು ಮಾಡಿಕೊಡೋ ಹಾಗೆ ಮುಂಬಯಿಯ ಅಡುಗೆಕಟ್ಟೆಯಲ್ಲಿ ಆಗಲ್ಲ ನೋಡಿ.

"ಅಪ್ಪಾ, ರಿಟೈರ್ ಆದ್ರಲ್ಲ, ಇನ್ಮೇಲೆ ಕಾಫಿ ನೀವು ಮಾಡಿ" ಅಂತ ಮಗಳು ಕಳಿಸಿದ್ದು. ನನ್ನವಳು ಪೆಟ್ಟಿಗೆಯನ್ನು ಸುತ್ತಲೂ ನೋಡಿ ಹೇಳಿದ್ದು ಒಂದೇ ಮಾತು: "ರೀ, ಇದಕ್ಕೆ ದೊಡ್ಡ ಪ್ಲಗ್ ಬೇಕಂತೆ. ನನ್ನ ಫಿಲ್ಟರಿಗೆ ಪ್ಲಗ್ಗೇ ಬೇಡ."

ಮೊದಲ ದಿನ ಫಜೀತಿ. ನಮ್ಮದು ಯಾವತ್ತೂ ಮಾಟುಂಗದ ಪುಡಿ. ಸ್ಲೋ ಟ್ರೈನ್ ಹತ್ತಿದರೆ ಒಂಬತ್ತನೇ ಸ್ಟೇಷನ್ನು. ಮೈಸೂರು ಅಸೋಸಿಯೇಶನ್ನಿನಲ್ಲಿ ಏನಾದರೂ ಕಾರ್ಯಕ್ರಮ ಇದ್ದರೆ ಅದನ್ನು ಮುಗಿಸಿ, ಬರ್ತಾ ಅರ್ಧ ಕಿಲೋ ಪುಡಿ ತರೋದು ವಾಡಿಕೆ. ನೂರರಲ್ಲಿ ಎಂಬತ್ತು ಕಾಫಿ, ಇಪ್ಪತ್ತು ಚಿಕೋರಿ. ಅದನ್ನೇ ಯಂತ್ರಕ್ಕೆ ತುಂಬಿ, ಚೆನ್ನಾಗಿ ಒತ್ತಿ, ಗುಂಡಿ ಅದುಮಿದೆ. ಗುರ್ ಅಂತ ಸದ್ದು ಬಂತು, ಕಾಫಿ ಬರಲಿಲ್ಲ. ಒಂದು ನಿಮಿಷಕ್ಕೆ ನಾಲ್ಕು ಹನಿ, ಡಾಂಬರಿನ ಹಾಗೆ. ಬೆಳಗಿನ ಐದೂವರೆಗೆ ಆ ಸದ್ದಿಗೆ ಎದ್ದ ಕೆಳಗಿನ ಮನೆಯ ಗುಜರಾತಿ ಭಾಯಿ, ನಾವು ಬೋರ್‌ವೆಲ್ ಕೊರೆಸ್ತಿದ್ದೀವಾ ಅಂತ ಲಿಫ್ಟಿನಲ್ಲಿ ಕೇಳಿದರು.

ಆಮೇಲೆ ಓದಿ ತಿಳಕೊಂಡೆ. ಚಿಕೋರಿ ಅನ್ನೋದು ಕಾಫಿಯೇ ಅಲ್ಲ, ಹುರಿದ ಬೇರಿನ ಪುಡಿ. ನೀರು ಬಿದ್ದರೆ ಮೆತ್ತಗಾಗಿ ಅಂಟಿಕೊಳ್ಳುತ್ತೆ. ನಮ್ಮ ಫಿಲ್ಟರಿನಲ್ಲಿ ಅದು ಗುಣ: ನೀರು ನಿಧಾನಕ್ಕೆ ಇಳಿದು ಡಿಕಾಕ್ಷನ್ ಗಟ್ಟಿಯಾಗುತ್ತೆ. ಯಂತ್ರಕ್ಕೆ ಅದೇ ಅಡ್ಡಿ. ಫಿಲ್ಟರ್ ನಡೆಯೋದು ಭೂಮಿ ಎಳೆಯೋ ಬಲದಲ್ಲಿ, ಎಸ್ಪ್ರೆಸೋ ನಡೆಯೋದು ಒತ್ತಡದಲ್ಲಿ. ಗಾಳಿಯ ಒತ್ತಡದ ಸುಮಾರು ಒಂಬತ್ತು ಪಟ್ಟು ಒತ್ತಿ, ಕುದಿಯೋದಕ್ಕಿಂತ ಸ್ವಲ್ಪ ಕಡಿಮೆ ಬಿಸಿಯ ನೀರನ್ನು ಪುಡಿಯೊಳಗೆ ನುಗ್ಗಿಸುತ್ತೆ. 18 ಗ್ರಾಂ ಪುಡಿಗೆ 36 ಗ್ರಾಂ ಕಾಫಿ, 25-30 ಸೆಕೆಂಡಿನಲ್ಲಿ. ರಾತ್ರಿ ಹಾಕಿಟ್ಟು ಬೆಳಿಗ್ಗೆ ಕುಡಿಯೋ ನಮ್ಮಂಥವರಿಗೆ ಇದು ಅವಸರದ ಅಡುಗೆಯೇ! ಮಿಲಾನಿನ ಬೆಜ್ಜೆರಾ ಅನ್ನುವವನು 1901ರಲ್ಲಿ ಇಂಥ ಯಂತ್ರಕ್ಕೆ ಪೇಟೆಂಟ್ ಪಡೆದಾಗ ಒತ್ತಡ ಹಬೆಯದ್ದು. ಈಗ ಕಾಣೋ ಬಂಗಾರದ ಬಣ್ಣದ ನೊರೆ, ಕ್ರೆಮಾ, ಬಂದಿದ್ದು 1940ರ ದಶಕದ ಕೊನೆಗೆ, ಗಾಜ್ಜಿಯಾ ಮಾಡಿದ ಲಿವರ್ ಯಂತ್ರದಿಂದ.

ಒಂದು ತಮಾಷೆ ಗೊತ್ತಾ? ಭಾರತದ ಕಾಫಿಯನ್ನು ಬಹಳ ವರ್ಷಗಳಿಂದ ಅತಿ ಹೆಚ್ಚು ಕೊಳ್ಳುತ್ತಿರೋದು ಇಟಲಿ. ನಮ್ಮ ದೇಶದ ಬೆಳೆಯಲ್ಲಿ ಮುಕ್ಕಾಲಿಗೆ ಹತ್ತಿರ ಕರ್ನಾಟಕದ್ದು. ಆ ನೊರೆ ದಪ್ಪಗೆ ನಿಲ್ಲಲಿ ಅಂತ ಅವರು ಸೇರಿಸೋ ರೊಬಸ್ಟಾದಲ್ಲಿ ಕೊಡಗಿನ ಬೀಜವೂ ಇರುತ್ತೆ. ನಮ್ಮ ಕಾಫಿ ಅಲ್ಲಿಗೆ ಹೋಯ್ತು, ಅವರ ಯಂತ್ರ ಇಲ್ಲಿಗೆ ಬಂತು. ನಾವೂ ಹೀಗೇ ಊರು ಬಿಟ್ಟು ಬಂದವರಲ್ವೇ...

ಎರಡನೇ ದಿನ ಚಿಕೋರಿ ಇಲ್ಲದ ಚಿಕ್ಕಮಗಳೂರು ಬೀಜ ತಂದು, ಸಣ್ಣಗೆ ಬೀಸಿ ಹಾಕಿದೆ. ಈ ಸಲ ಜೇನಿನ ಎಳೆಯ ಹಾಗೆ ಇಳಿಯಿತು. ಬಳಸಿದ ಪುಡಿ ಗಟ್ಟಿ ಬಿಲ್ಲೆಯಾಗಿ ಹೊರಗೆ ಬಂತು. ಅದನ್ನು ಕಸಕ್ಕೆ ಹಾಕೋಕೆ ಹೋದರೆ ಇವಳು ಕೈ ಹಿಡಿದಳು.

"ಇದಕ್ಕೆ ಇನ್ನೊಂದ್ಸಲ ನೀರು ಹಾಕಲ್ವಾ?"

"ಇಲ್ಲ ಕಣೇ, ಇದರಲ್ಲಿ ಎರಡನೇ ಡಿಕಾಕ್ಷನ್ ಅನ್ನೋದೇ ಇಲ್ಲ. ಎಲ್ಲಾ ಮೊದಲನೇದೇ."

"ಹಂಗಾದ್ರೆ ನಾನು ಯಾವುದನ್ನ ಕುಡೀಲಿ?"

ಅವಳು ತಮಾಷೆಗೆ ಹೇಳಿದ್ದಲ್ಲ. ನಿಜವಾಗಿ ಕೇಳಿದ್ದು. ನಾನು ಬಿಲ್ಲೆ ಹಿಡಿದುಕೊಂಡು ಹಾಗೇ ನಿಂತೆ. ಮದುವೆಯಾಗಿ ಮೂವತ್ತನಾಲ್ಕು ವರ್ಷ. ಬೆಳಿಗ್ಗೆ ಆರೂ ಚಿಲ್ಲರೆ ಲೋಕಲ್ ಹಿಡಿಯೋ ನನಗೆ ಮೊದಲ ಡಿಕಾಕ್ಷನ್. ಅಮ್ಮ ಇದ್ದಾಗ ಅಮ್ಮನಿಗೆ. ಊರಿಂದ ಬಂದವರಿಗೆ. ಎಲ್ಲರದ್ದೂ ಆದ ಮೇಲೆ ಅದೇ ಪುಡಿಗೆ ಮತ್ತೆ ಬಿಸಿನೀರು ಹಾಕಿ, ಇಳಿದ ತೆಳು ನೀರಿಗೆ ಹಾಲು ಬೆರೆಸಿ ಅವಳು ಕುಡಿದಳು. ನಾನು ನೋಡಿಲ್ಲ ಅಂತಲ್ಲ. ನೋಡಿದ್ದೆ. ಅವಳಿಗೆ ಲೈಟ್ ಕಾಫಿ ಇಷ್ಟ ಅಂದುಕೊಂಡಿದ್ದೆ.

"ಮೊದಲೇ ಹೇಳಬಾರದಿತ್ತಾ?"

"ನೀವು ಕೇಳಿದ್ರಾ?"

ಅವತ್ತು ಅವಳ ಲೋಟ ಮೊದಲು ತುಂಬಿಸಿದೆ. ಒಂದು ಗುಟುಕು ಕುಡಿದು ಮುಖ ಕಿವುಚಿದಳು. "ಸ್ಟ್ರಾಂಗಾಯ್ತು ಕಣ್ರೀ. ನನಗೆ ಅಭ್ಯಾಸ ಇಲ್ಲ." ಹಾಲು ಜಾಸ್ತಿ ಹಾಕಿಕೊಟ್ಟೆ. ಐದನೇ ದಿನಕ್ಕೆ ಹಾಲು ಕಡಿಮೆ ಮಾಡಿ ಅಂದಳು. ನಿನ್ನೆ, "ನಿಮ್ಮಪ್ಪನ ಮಿಷನ್ ಪರವಾಗಿಲ್ಲ" ಅಂತ ಮಗಳಿಗೆ ಫೋನಿನಲ್ಲಿ ಹೇಳ್ತಾ ಇದ್ದಿದ್ದು ಕೇಳಿಸಿತು.

ಇನ್ನು ಯಂತ್ರದ ಬಗ್ಗೆ ನನ್ನ ತೀರ್ಪು. ವಾಸನೆಯಲ್ಲಿ ಅದೇ ಗೆದ್ದಿತು. ಆದರೆ ಹಾಲು ಬೆರೆಸಿದ ಮೇಲೆ ನಮ್ಮ ಫಿಲ್ಟರ್ ಕಾಫಿಯ ಆ ದುಂಡನೆಯ ರುಚಿ ಇದಕ್ಕಿಲ್ಲ, ಅದು ಚಿಕೋರಿಯ ಕರಾಮತ್ತೇ ಇರಬೇಕು. ಹಬೆ ಕೊಳವೆಯ ನೊರೆ ರೇಷ್ಮೆಯ ಹಾಗಿದೆ ನಿಜ, ಲೋಟ-ಬಟ್ಟಲಲ್ಲಿ ಎತ್ತಿ ಹೊಯ್ದ ನೊರೆಯ ಸಂಭ್ರಮ ಬೇರೆ. ಮುಂಬಯಿಯದು ಕೆರೆಯ ಮೆದುನೀರು ಅನ್ನೋದು ಒಂದು ಪುಣ್ಯ, ಬೋರ್‌ವೆಲ್ ನೀರಾದರೆ ಬೇಗ ಸುಣ್ಣ ಕಟ್ಟುತ್ತೆ. ಆರು ಜನ ನೆಂಟರು ಒಟ್ಟಿಗೆ ಬಂದರೆ ಮಾತ್ರ ಯಂತ್ರದ ಆಟ ಮುಗೀತು: ಕೊನೆಯವರ ಲೋಟ ಬರೋ ಹೊತ್ತಿಗೆ ಮೊದಲನೆಯವರು ಚಪ್ಪಲಿ ಹಾಕ್ಕೊಂಡಿರ್ತಾರೆ.

ಹಾಗಾಗಿ ಹಿತ್ತಾಳೆ ಫಿಲ್ಟರ್ ಅಟ್ಟ ಹತ್ತಿಲ್ಲ. ಭಾನುವಾರ ಅದರದ್ದೇ ಕಾಫಿ. ಶನಿವಾರ ರಾತ್ರಿ ಪುಡಿ ಹಾಕೋದು ಈಗ ನಾನು, ಎರಡು ಚಮಚ ಜಾಸ್ತಿನೇ ಹಾಕ್ತೀನಿ.

ಅಂದ ಹಾಗೆ, ನಿಮ್ಮ ಮನೆಯಲ್ಲಿ ಎರಡನೇ ಡಿಕಾಕ್ಷನ್ ಯಾರು ಕುಡೀತಾರೆ?