ಲಾಲ್‌ಬಾಗಿನ ಚಳಿಗಾಲವೂ ಮನೆಯ ಹಿತ್ತಲೂ

ಬೆಂಗಳೂರಿನ ಚಳಿಯು ಗಿಡಗಳನ್ನು ಕೊಲ್ಲತಕ್ಕುದಲ್ಲ. ಆದರೆ ಕಾರ್ತಿಕದ ಮಳೆಯು ನಿಂತ ಬಳಿಕ ಯುಗಾದಿಯವರೆಗೂ ಇಲ್ಲಿ ಮಳೆಯನ್ನು ನೆಚ್ಚುವಂತಿಲ್ಲ. ಆದುದರಿಂದ ಈ ಊರಿನ ಹಿತ್ತಲಿನಲ್ಲಿ ಚಳಿಗಾಲದ ಮುಖ್ಯ ಕೆಲಸವು ನೆಲದ ತೇವವನ್ನು ಬೇಸಗೆಗೆಂದು ಕಾಪಾಡುವುದೇ ಆಗಿದೆ. ಇದನ್ನು ತಿಳಿಯಬಯಸುವವರು ಪುಷ್ಯಮಾಸದಲ್ಲಿ ಒಂದು ಬೆಳಗ್ಗೆ ಲಾಲ್‌ಬಾಗಿಗೆ ಹೋಗಿಬರುವುದು ಲೇಸು.

1760ರಲ್ಲಿ ಹೈದರಾಲಿಯು ಆರಂಭಿಸಿದ ಈ ತೋಟವು ಈಗ ಸುಮಾರು 240 ಎಕರೆಗಳಷ್ಟು ಹಬ್ಬಿರುವುದು. ಗಣರಾಜ್ಯೋತ್ಸವದ ಸಮಯದಲ್ಲಿ ಫಲಪುಷ್ಪ ಪ್ರದರ್ಶನಕ್ಕೆ ಬರುವ ಜನರೆಲ್ಲರೂ, 1889ರಲ್ಲಿ ಅಡಿಗಲ್ಲಿಟ್ಟ ಗಾಜಿನ ಮನೆಯ ಹೂಗಳ ಕಡೆಗೇ ನಡೆಯುವರು. ನಾವಾದರೋ ಮರಗಳ ಬುಡವನ್ನು ನೋಡುತ್ತ ಸಾಗಿದೆವು. ತರಗೆಲೆ ದಟ್ಟವಾಗಿ ಬಿದ್ದೆಡೆಯಲ್ಲಿ ಅದನ್ನು ಸರಿಸಿ ಮುಟ್ಟಿದರೆ ಮಣ್ಣು ತಣ್ಣಗಿತ್ತು. ಬಂಡೆಯ ಬಳಿಯ ಬೋಳು ನೆಲವು ಒಣಗಿ ಗಟ್ಟಿಯಾಗಿತ್ತು. ಹೊದಿಕೆಯುಳ್ಳ ನೆಲಕ್ಕೂ ಇಲ್ಲದ ನೆಲಕ್ಕೂ ಇರುವ ಅಂತರವನ್ನು ತಿಳಿಯಲು ಇದಕ್ಕಿಂತ ಬೇರೆ ಪಾಠವು ಬೇಕಿಲ್ಲ.

ಹಿತ್ತಲುಳ್ಳ ವಾಚಕರು ಇದನ್ನೇ ಅನುಸರಿಸಬಹುದು. ಗುಡಿಸಿದ ಎಲೆಗಳನ್ನು ಸುಡದೆ, ಗಿಡದ ಕಾಂಡಕ್ಕೆ ತಾಗದಂತೆ ಮೂರು ಅಂಗುಲ ದಪ್ಪಕ್ಕೆ ಹರಡಬೇಕು. ಮಿಕ್ಕುದನ್ನು ಸಗಣಿಯೊಡನೆ ಗುಂಡಿಗೆ ಹಾಕಿ ತೇವವಾಗಿಟ್ಟರೆ ಕೆಲವು ತಿಂಗಳಲ್ಲಿ ಗೊಬ್ಬರವಾಗುವುದು. ನಾಡ ಅವರೆಯೂ ಸೇವಂತಿಗೆಯೂ ಹಗಲು ಕಿರಿದಾದಾಗ ಹೂಬಿಡುವಂತಹವು. ಕಾಯಿ ಮುಗಿದ ಅವರೆಯನ್ನು ಕೀಳದೆ ಬುಡದಲ್ಲಿ ಕತ್ತರಿಸಿದರೆ, ಅದರ ಬೇರಿನ ಗಂಟುಗಳು ನೆಲದಲ್ಲಿಯೇ ಕೊಳೆತು ಸಾರವಾಗುವುವು. ಹೂ ಮುಗಿದ ಸೇವಂತಿಗೆಯನ್ನು ಮೊಟಕಾಗಿ ಕತ್ತರಿಸಿ, ಬುಡದಲ್ಲಿ ಏಳುವ ಮರಿಗಳನ್ನು ಬೇರೆ ನೆಡಬಹುದು. ತೆರವಾದ ಮಡಿಗೆ ಮೆಂತ್ಯವನ್ನು ಚೆಲ್ಲಿದರೆ ತಿಂಗಳೊಳಗೆ ಸೊಪ್ಪು, ಮೂಲಂಗಿಯನ್ನು ಬಿತ್ತಿದರೆ ಒಂದೂವರೆ ತಿಂಗಳಲ್ಲಿ ಗೆಡ್ಡೆ ದೊರೆಯುವುದು.

ಅಕ್ಕಿ, ತರಕಾರಿ ತೊಳೆದ ನೀರು ಇಷ್ಟು ಗಿಡಗಳಿಗೆ ಬಹುಮಟ್ಟಿಗೆ ಸಾಕು. ಅದನ್ನು ಬೆಳಗ್ಗೆ, ಎಲೆಗೆ ಸೋಕದಂತೆ ಬುಡಕ್ಕೆ ಹೊಯ್ಯಬೇಕು. ಸಾಬೂನಿನ ನೀರು ಕೂಡದು.

ಇದು ಕೇವಲ ಮಿತವ್ಯಯದ ಮಾತಲ್ಲ. ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಮೇಲಕ್ಕೆತ್ತಿ ತರುವ ಊರಿದು. 2024ರ ಮಾರ್ಚಿಯಲ್ಲಿ ನೀರಿನ ಅಭಾವವಾಗಿ, ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದವರಿಗೆ 5000 ರೂಪಾಯಿ ದಂಡವೆಂದು ಜಲಮಂಡಳಿಯು ಸಾರಬೇಕಾಯಿತು. ಅಂಗಳಕ್ಕೆಲ್ಲ ಸಿಮೆಂಟು ಬಳಿಯುವುದು ಸುಲಭವೆಂದು ಅನೇಕರು ಎಣಿಸುವುದು ಇಂತಹ ಬೇಸಗೆಗಳಲ್ಲಿಯೇ. ಪುಷ್ಯದಲ್ಲಿ ಹೊದಿಸಿದ ಎಲೆಯು ಫಾಲ್ಗುನದಲ್ಲಿ ಒಂದು ಕೊಡ ನೀರನ್ನು ಉಳಿಸಿದರೂ, ಆ ಮನೆಯ ಮುಂದೆ ಅಷ್ಟು ಮಣ್ಣು ಮಣ್ಣಾಗಿಯೇ ಉಳಿಯುವುದು.