ಮೇಕಪ್ ವ್ಯಾನಿಗೂ ಮೇಕಪ್ಪು ಬೇಕೇ?

ಮುಖಕ್ಕೆ ಬಣ್ಣ ಹಚ್ಚಿಕೊಂಡು ದೊಡ್ಡವರಾದವರ ಕಥೆಯನ್ನು ನೀವು ಬೇಕಾದಷ್ಟು ಓದಿದ್ದೀರಿ. ಅವರನ್ನು ಹೊಟ್ಟೆಯಲ್ಲಿಟ್ಟುಕೊಂಡು ಊರೂರು ಸುತ್ತಿದ ವ್ಯಾನಿನ ಕಥೆಯನ್ನು ಯಾರಾದರೂ ಹೇಳಿದ್ದಾರೆಯೇ? ಶೂಟಿಂಗ್ ನಡೆಯುವಾಗ ಹಗ್ಗದ ಈಚೆ ನಿಂತು ನೀವೂ ನೋಡಿರುತ್ತೀರಿ. ಕಪ್ಪು ಗಾಜು, ಗುಂಯ್ ಅನ್ನುವ ಏ.ಸಿ., ಎರಡು ಮೆಟ್ಟಿಲು, ಒಂದು ಬಾಗಿಲು. ಆ ಬಾಗಿಲು ಯಾವಾಗ ತೆಗೆಯುತ್ತದೋ ಅಂತ ಸಾವಿರ ಕಣ್ಣು! ಯೂನಿಟ್ಟಿನವರ ಬಾಯಲ್ಲಿ ಅದು ‘ಕ್ಯಾರವಾನ್’.

ಹಿಂದೆಲ್ಲ ಇದು ಎಲ್ಲಿತ್ತು ಸ್ವಾಮಿ? ಹೊರಾಂಗಣಕ್ಕೆ ಹೋದರೆ ಮರದ ನೆರಳೇ ಮೇಕಪ್ ರೂಮು, ನಾಲ್ಕು ಜನ ಹಿಡಿದ ಸೀರೆಯೇ ಗೋಡೆ. ಹಿಂದಿ ಚಿತ್ರರಂಗದಲ್ಲಿ ನಟಿ ಪೂನಂ ಧಿಲ್ಲೋನ್ 1990ರ ದಶಕದ ಆರಂಭದಲ್ಲಿ ಇಂಥ ವ್ಯಾನುಗಳನ್ನು ಬಾಡಿಗೆಗೆ ತಂದರು. ಬರಬರುತ್ತಾ ನಮ್ಮಲ್ಲೂ ಅದು ಮಾಮೂಲಾಯಿತು.

ನನ್ನ ಸೋದರಮಾವ ಇಂಥದ್ದೊಂದು ವ್ಯಾನಿನ ಡ್ರೈವರ್. ಮೈಸೂರಿನವರು. ಮಿನಿ ಬಸ್ಸಿನ ಚಾಸಿ ಮೇಲೆ ಕಟ್ಟಿದ ತಗಡಿನ ಬಾಡಿ, ಒಳಗೆ ಸುತ್ತ ಬಲ್ಬು ಇರುವ ಕನ್ನಡಿ, ಸೋಫಾ, ಪುಟ್ಟ ಬಚ್ಚಲು. ಮೊದಲು ಬೇರೆಯವರ ಗಾಡಿಗೆ ಸಂಬಳಕ್ಕಿದ್ದರು. ಮಾಲೀಕರು ವ್ಯಾಪಾರ ನಿಲ್ಲಿಸಿದಾಗ ಆ ಗಾಡಿಯನ್ನೇ ಕೊಂಡರು. ಈಗ ಸ್ಟಾರುಗಳಿಗೆ ಬಸ್ಸಿನಷ್ಟು ಉದ್ದದ ಕ್ಯಾರವಾನ್ ಬೇಕು. ಮಾವನ ಗಾಡಿಗೆ ಕರೆ ಬರುವುದು ನಿಂತೇಹೋಯಿತು.

ಮಾವನ ಮಗಳು ದಾರಿ ತೋರಿಸಿದಳು. (ಕಣ್ಣು ಮಿಟುಕಿಸಬೇಡಿ, ಅವಳಿಗೆ ಮದುವೆಯಾಗಿ ಎರಡು ವರ್ಷ!) “ಅಪ್ಪಾ, ಇದರೊಳಗೆ ಎರಡು ಮಂಚ, ಒಂದು ಸ್ಟವ್ವು, ನೀರಿನ ಟ್ಯಾಂಕು ಇಟ್ಟರೆ ಓಡಾಡೋ ಮನೆ ಆಗುತ್ತೆ. ಮಡಿಕೇರಿಗೋ ಚಿಕ್ಕಮಗಳೂರಿಗೋ ಹೋಗೋರು ಬಾಡಿಗೆಗೆ ತಗೋತಾರೆ. ಆದ್ರೆ ಈ ಹಳೇ ಬಣ್ಣದಲ್ಲಿ ಯಾರೂ ಹತ್ತಲ್ಲ. ಪೂರ್ತಿ ಕಪ್ಪು ಹೊಡೆಸಿ” ಅಂದಳು.

ಮಾವ ಜಗ್ಗಲಿಲ್ಲ. ಕಾರಣ ಕೇಳಿದರೆ ನೀವೂ ಜಗ್ಗುವುದಿಲ್ಲ. ವ್ಯಾನಿನ ಎಡಗಡೆ ಬಾಗಿಲಲ್ಲಿ, ಹಿಡಿಯ ಕೆಳಗೆ, ಯಾವನೋ ಒಬ್ಬ ಅಭಿಮಾನಿ ಬೀಗದ ಕೈಯಿಂದ ಗೀಚಿದ ಮೂರು ಅಂಗುಲದ ಅಕ್ಷರಗಳಿವೆ... ‘ಅಪ್ಪು’. ಗೀಚಿದ ದಿನ ಮಾವ ಆ ಹುಡುಗನನ್ನು ಅಟ್ಟಿಸಿಕೊಂಡು ಹೋಗಿದ್ದರಂತೆ. 2021ರ ಅಕ್ಟೋಬರ್ 29ರ ನಂತರ ದಿನಾ ಬೆಳಿಗ್ಗೆ ಗಾಡಿ ಒರೆಸುವಾಗ ಆ ಜಾಗಕ್ಕೆ ಬಂದರೆ ಬಟ್ಟೆ ತಾನಾಗಿಯೇ ಮೆತ್ತಗಾಗುತ್ತದೆ. “ಬಣ್ಣ ಹೊಡೆದ್ರೆ ಅದು ಹೋಗುತ್ತಲ್ಲೋ ಅಳಿಯಾ!”

ಬಣ್ಣ ಹೊಡೆಸದಿದ್ದರೆ ಬಾಡಿಗೆ ಇಲ್ಲ. ಹೊಡೆಸಿದರೆ ಆ ಹೆಸರಿಲ್ಲ. ಬೆಂಗಳೂರಿನ ಕಲಾಸಿಪಾಳ್ಯದಲ್ಲಿ ಬಣ್ಣದ ಕೆಲಸ ಬಲ್ಲ ಹಳಬರೊಬ್ಬರಿದ್ದಾರೆ, ಅವರ ಮಾತು ಕೇಳಿ ತೀರ್ಮಾನ ಮಾಡೋಣ ಅಂತ ನಾನೂ ಮಾವನೂ ಗಾಡಿ ಹೊರಡಿಸಿದೆವು. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಹೊಸ ಎಕ್ಸ್‌ಪ್ರೆಸ್‌ವೇ ಬೇಡ, ಊರೊಳಗಿನ ಹಳೇ ರಸ್ತೆಯೇ ಸಾಕು ಅಂದರು ಮಾವ. ಹಳೇ ಗಾಡಿಗೆ ಹಳೇ ರಸ್ತೆ!

ಶ್ರೀರಂಗಪಟ್ಟಣದ ಗೋಡೆ

ಮೊದಲ ನಿಲುಗಡೆ ಶ್ರೀರಂಗಪಟ್ಟಣದ ದರಿಯಾ ದೌಲತ್. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ. ಪಡುವಣ ಗೋಡೆಯ ಮೇಲೆ 1780ರ ಪೊಲ್ಲಿಲೂರು ಕದನದ ಚಿತ್ರವಿದೆ. ಆನೆ, ಕುದುರೆ, ಸಾಲು ಸಾಲು ಸಿಪಾಯಿಗಳು, ನಡುವೆ ಪಲ್ಲಕ್ಕಿಯಲ್ಲಿ ಕೂತ ಬ್ರಿಟಿಷ್ ಸೇನಾಪತಿ ಬೇಲಿ. ಸಿನಿಮಾಸ್ಕೋಪ್ ಹುಟ್ಟುವ ಮೊದಲೇ ಸಿನಿಮಾಸ್ಕೋಪ್ ನೋಡಿದ ಹಾಗೆ!

ಆ ಚಿತ್ರಗಳ ಹಣೆಬರಹ ಕೇಳಿ. 1799ರ ಮುತ್ತಿಗೆಗೆ ಮುಂಚೆಯೇ ಅವನ್ನು ಅಳಿಸಲಾಗಿತ್ತು. ಟಿಪ್ಪು ಮಡಿದ ಮೇಲೆ ಇಲ್ಲಿ ವಾಸವಿದ್ದ ಕರ್ನಲ್ ವೆಲ್ಲೆಸ್ಲಿ ಅವನ್ನು ಸರಿಮಾಡಿಸಿದ. ಮತ್ತೆ ಮಾಸಿಹೋದವು, ಸುಣ್ಣವೂ ಬಿತ್ತು. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಬಂದಾಗ, ಹಳೆಯ ಚಿತ್ರಗಳ ನೆನಪಿದ್ದ ಒಬ್ಬ ಕಲಾವಿದನಿಂದ ಮತ್ತೆ ಬರೆಸಿದ. ನಾವು ಬಾಯಿಬಿಟ್ಟುಕೊಂಡು ನೋಡುವುದು ಬಣ್ಣದ ಮೇಲೆ ಬಿದ್ದ ಬಣ್ಣವನ್ನು.

“ನೋಡ್ದಾ, ಹೊಸ ಬಣ್ಣ ಬಿದ್ರೂ ಕಥೆ ಉಳೀತು” ಅಂದರು ಮಾವ. ಮನಸ್ಸು ಸ್ವಲ್ಪ ಸಡಿಲವಾದಂತಿತ್ತು. ನಾನು ತಲೆದೂಗಿದೆ. ಆದರೆ ಒಂದು ಮಾತು ಒಳಗೇ ಕೊರೆಯುತ್ತಿತ್ತು. ಕದನದ ಚಿತ್ರವನ್ನು ನೆನಪಿದ್ದವನು ಮತ್ತೆ ಬರೆಯಬಹುದು. ಜನಜಂಗುಳಿಯಲ್ಲಿ ತಳ್ಳಾಡಿಕೊಂಡು ಒಬ್ಬ ಹುಡುಗ ಗೀಚಿದ ಸೊಟ್ಟ ‘ಪ್ಪು’ವನ್ನು ಪೇಂಟರ್ ಮತ್ತೆ ಬರೆದರೆ ಅದು ಬೋರ್ಡು ಆಗುತ್ತದೆ, ಅಷ್ಟೇ.

ಗೊಂಬೆಯ ಊರು, ಗಬ್ಬರನ ಬಂಡೆ

ಮದ್ದೂರಿನಲ್ಲಿ ವಡೆ ತಿಂದು (ತಿನ್ನದೆ ಮುಂದೆ ಹೋದವರುಂಟೇ?) ಚನ್ನಪಟ್ಟಣಕ್ಕೆ ಬಂದೆವು. ಬಣ್ಣದ ವಿಚಾರಕ್ಕೆ ಹೊರಟವರು ಗೊಂಬೆ ಮಾಡುವ ಮನೆಗೆ ಹೋಗದಿದ್ದರೆ ಹೇಗೆ? ಹಾಲೆ ಮರದ ತುಂಡು ಯಂತ್ರದಲ್ಲಿ ಗಿರಗಿರ ತಿರುಗುತ್ತಿರುತ್ತದೆ. ಬ್ರಷ್ಷಿಲ್ಲ, ಡಬ್ಬಿಯಿಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಶಾಖಕ್ಕೇ ಅರಗು ಕರಗಿ ಮರಕ್ಕೆ ಅಂಟುತ್ತದೆ. ಮೇಲೆ ಒಣಗಿದ ಕೇದಗೆ ಎಲೆ ಹಿಡಿದರೆ ಕನ್ನಡಿಯಂಥ ಹೊಳಪು! ಇಷ್ಟೆಲ್ಲ ಆಗುವುದು ಮರ ಚೆನ್ನಾಗಿ ಒಣಗಿದ್ದರೆ ಮಾತ್ರ. ಒಳಗೆ ಹಸಿ ಉಳಿದಿದ್ದರೆ ಗೊಂಬೆ ಆಮೇಲೆ ಬಿರುಕು ಬಿಡುತ್ತದೆ. ಆ ಮಾತನ್ನು ಗಂಟು ಕಟ್ಟಿಕೊಂಡು ಹೊರಟೆವು.

ರಾಮನಗರ ಬಂದಾಗ ಗಾಡಿ ತಾನಾಗಿ ನಿಧಾನವಾಯಿತು. ಆ ಬಂಡೆಗಳನ್ನು ನೋಡಿ ಯಾವ ಚಿತ್ರರಸಿಕ ಸುಮ್ಮನೆ ಹೋದಾನು? 1973ರ ಅಕ್ಟೋಬರಿನಲ್ಲಿ ಇಲ್ಲಿ ‘ಶೋಲೆ’ ಚಿತ್ರೀಕರಣ ಶುರುವಾಯಿತು. ಚಿತ್ರ ತೆರೆಗೆ ಬಂದದ್ದು 1975ರ ಆಗಸ್ಟ್ 15ಕ್ಕೆ. ಬಂಡೆಯ ಕೆಳಗೆ ರಾಮಗಢ ಅನ್ನುವ ಒಂದು ಊರನ್ನೇ ಕಟ್ಟಿದ್ದರು. ಇವತ್ತು ಆ ಊರಿಲ್ಲ. ಬಂಡೆ ಮಾತ್ರ ಹಾಗೇ ಇದೆ, ಅಲ್ಲೀಗ ರಣಹದ್ದುಗಳ ಧಾಮ. ಜನ ಬಂದು ಗಬ್ಬರ್ ಕೂತ ಕಲ್ಲು ಯಾವುದು ಅಂತ ಹುಡುಕುವುದು ಮಾತ್ರ ನಿಂತಿಲ್ಲ. ಹುಡುಕಿಕೊಂಡು ಬಂದವರಿಗೆ ತೋರಿಸುವುದಕ್ಕೆ ಏನಾದರೂ ಒಂದು ಉಳಿದಿರಬೇಕು ನೋಡಿ.

ಕಲಾಸಿಪಾಳ್ಯದ ಡಾಕ್ಟರು

ಸಿರ್ಸಿ ಸರ್ಕಲ್ಲಿನಲ್ಲಿ ಮೇಲ್ಸೇತುವೆ ಹತ್ತಿ ಟೌನ್ ಹಾಲ್ ಹತ್ತಿರ ಇಳಿದರೆ ಜೆ.ಸಿ. ರಸ್ತೆ. ಗಾಡಿಯ ಯಾವ ಭಾಗ ಬೇಕು ಹೇಳಿ, ಇಲ್ಲಿ ಸಿಗುತ್ತದೆ. ಒಂದು ಕಾಲಕ್ಕೆ ಇದು ಟಾಕೀಸುಗಳ ರಸ್ತೆಯೂ ಹೌದು. ತುದಿಯಲ್ಲಿದ್ದ ಮಿನರ್ವ ಟಾಕೀಸು ಮಣ್ಣುಪಾಲಾಗಿ ಎಷ್ಟೋ ವರ್ಷವಾಯಿತು, ಸರ್ಕಲ್ಲಿಗೆ ಮಾತ್ರ ಇನ್ನೂ ಅದೇ ಹೆಸರು. ಪಕ್ಕದ ಕಲಾಸಿಪಾಳ್ಯಕ್ಕೆ ತಿರುಗಿದರೆ ಥಿನ್ನರ್ ವಾಸನೆ, ಸುತ್ತಿಗೆ ಸದ್ದು. ಎದುರಿಗೆ ಬಂದ ಆಟೋದ ಹಿಂದೆ ಶಂಕರ್‌ನಾಗ್! 1980ರ ‘ಆಟೋರಾಜ’. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ನಮ್ಮನ್ನು ಬಿಟ್ಟುಹೋದವರು ಇನ್ನೂ ಈ ಊರಿನ ಟ್ರಾಫಿಕ್ಕಿನಲ್ಲಿ ಓಡಾಡುತ್ತಿದ್ದಾರೆ.

ನಮ್ಮ ‘ಡಾಕ್ಟರು’ ಎಪ್ಪತ್ತರ ಹತ್ತಿರದ ಸಾಬರು. ಯಾವ ಬಣ್ಣ ಅಂತ ಕೇಳಲೇ ಇಲ್ಲ. ಅಂಗೈಯನ್ನು ವ್ಯಾನಿನ ಮೈಮೇಲೆ ಗಸಗಸ ಉಜ್ಜಿ ತೋರಿಸಿದರು. ಕೈಯೆಲ್ಲ ಬಿಳಿ ಪುಡಿ. “ಇದು ಬಿಸಿಲಿಗೆ ಸತ್ತಿರೋ ಮೇಲ್ಪದರ, ಸಾರ್. ಕೆಳಗೆ ಬಣ್ಣ ಇನ್ನೂ ಜೀವಂತ ಇದೆ. ಪಾಲಿಷ್ ಹೊಡೆದ್ರೆ ಎದ್ದು ಕೂರುತ್ತೆ.”

ಆಮೇಲೆ ಜೇಬಿನಿಂದ ಒಂದು ಅಯಸ್ಕಾಂತ ತೆಗೆದು ಬಾಡಿಯ ಉದ್ದಕ್ಕೂ ಎಳೆದರು. ಹಿಂದಿನ ಚಕ್ರದ ಹತ್ತಿರ ಅದು ಹಿಡಿಯದೆ ಜಾರಿತು. ಅಂದರೆ ಅಲ್ಲಿ ತಗಡಿನ ಮೇಲೆ ದಪ್ಪ ಪಟ್ಟಿ ಮೆತ್ತಿದ್ದಾರೆ. ಕಿಟಕಿಯ ರಬ್ಬರಿನ ಕೆಳಗೆ ಹೆಬ್ಬೆರಳು ಒತ್ತಿದರು. ಗುಳ್ಳೆ ಪಟ್ ಅಂತ ಒಡೆದು ಕೆಂಪು ಪುಡಿ ಉದುರಿತು. ತುಕ್ಕು! ಒಂದು ಕಡೆ ಅಂಟುಪಟ್ಟಿ ಒತ್ತಿ ಸರಕ್ಕನೆ ಎಳೆದರು. ಬಣ್ಣ ಅಲುಗಲಿಲ್ಲ. ಕೊನೆಗೆ ಏಣಿ ಹಾಕಿಸಿ ನಮ್ಮನ್ನೇ ಮೇಲಕ್ಕೆ ಹತ್ತಿಸಿದರು. ಮಾವನ ಮುಖ ಅಲ್ಲಿ ಬಾಡಿತು. ತಗಡುಗಳ ಸಂದಿನಲ್ಲಿ ಮೇಣದಂಥ ಸೀಲೆಂಟು ಒಣಗಿ ಬಾಯಿ ಬಿಟ್ಟಿತ್ತು. ಕೆಳಗಿನ ಸೋಫಾ ಮಳೆಗಾಲದಲ್ಲಿ ಮುಗ್ಗಲು ವಾಸನೆ ಹೊಡೆಯುವುದೇಕೆ ಅಂತ ಆಗ ಗೊತ್ತಾಯಿತು.

“ಯಜಮಾನ್ರೇ, ನೀವು ಬಾಗಿಲು ನೋಡ್ತಾ ಕೂತಿದ್ದೀರಿ. ಕಾಯಿಲೆ ಇರೋದು ತಲೆಮೇಲೆ” ಅಂದರು ಸಾಬರು. “ಎಫ್.ಸಿ.ಗೆ ಮುಂಚೆ ಜನ ಬರ್ತಾರೆ, ತುಕ್ಕಿನ ಮೇಲೇ ಬಣ್ಣ ಹೊಡೀರಿ ಅಂತಾರೆ. ಹೊಡೆದ್ರೆ ಒಂದು ಮಳೆಗಾಲ ಫಳಫಳ. ಮುಂದಿನ ಮಳೆಗಾಲಕ್ಕೆ ತುಕ್ಕು ಒಳಗಿಂದ ಬಣ್ಣಾನ ಎತ್ತಿ ಬಿಸಾಕುತ್ತೆ.”

ಮಾವನ ಮಗಳು ಫೋನಿನಲ್ಲಿ, “ಹಾಗಾದ್ರೆ ಪೂರ್ತಿ ಸ್ಟಿಕ್ಕರ್ ಸುತ್ತಿಸಿ ಭಾವ” ಅಂದಳು. ಸಾಬರು ಅದಕ್ಕೂ ತಲೆ ಆಡಿಸಿದರು. ಗುಳ್ಳೆ ಎದ್ದ ಜಾಗದಲ್ಲಿ ಸ್ಟಿಕ್ಕರ್ ನಿಲ್ಲುವುದಿಲ್ಲ. ಕಿತ್ತಾಗ ಸಡಿಲ ಬಣ್ಣವನ್ನೂ ಜೊತೆಗೇ ಕರೆದುಕೊಂಡು ಬರುತ್ತದೆ. ಇನ್ನು ಕಪ್ಪು ಬಣ್ಣ? ಕಪ್ಪು ಬಿಸಿಲನ್ನು ಕುಡಿಯುತ್ತದೆ, ಬಿಳಿ ವಾಪಸ್ ಕಳಿಸುತ್ತದೆ. ಒಳಗೆ ಮಲಗುವವರಿಗೆ ಛಾವಣಿ ಕಪ್ಪಾದರೆ ಕಾವಲಿ ಮೇಲೆ ಮಲಗಿದ ಹಾಗೆ.

ಬಣ್ಣ ಬದಲಾಯಿಸುವ ಹುಮ್ಮಸ್ಸಿರುವ ಮಿತ್ರರು ಇನ್ನೊಂದು ವಿಷಯ ತಿಳಿದಿರಿ. ಆರ್.ಸಿ.ಯಲ್ಲಿ ಒಂದು ಬಣ್ಣ, ರಸ್ತೆಯಲ್ಲಿ ಇನ್ನೊಂದು ಬಣ್ಣ ಇರುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥದ್ದಕ್ಕೇ ಇದೆ. ಆರ್.ಟಿ.ಓ. ಕಚೇರಿಯಲ್ಲಿ ದಾಖಲೆ ತಿದ್ದಿಸಬೇಕು. ಮಿಲಿಟರಿ ಪಿಕ್ಚರ್ ನೋಡಿ ಬಂದು ಆಲಿವ್ ಹಸಿರು ಹೊಡೆಸುವ ಆಸೆಯಿದ್ದರೆ ಅದನ್ನು ಬಿಡಿ, ಆ ಬಣ್ಣ ಸೈನ್ಯದ ಗಾಡಿಗಳಿಗೇ ಮೀಸಲು.

ಆ ಹೆಸರು ಏನಾಯಿತು?

ಕೊನೆಗೆ ಬಾಗಿಲಿಗೆ ಬಂದೆವು. ಸಾಬರು ಕನ್ನಡಕ ಏರಿಸಿ ‘ಅಪ್ಪು’ವನ್ನು ಬಹಳ ಹೊತ್ತು ನೋಡಿದರು. ಬೀಗದ ಕೈ ತಗಡಿನವರೆಗೂ ಇಳಿದಿತ್ತು. ಅಕ್ಷರದ ಅಂಚಿನಲ್ಲಿ ಕಂದು ಗೆರೆ ಹರಡುತ್ತಿತ್ತು.

“ನೀವು ಬಣ್ಣ ಹೊಡೆಸಲಿಲ್ಲ ಅಂದ್ರೆ ಇದು ಉಳಿಯುತ್ತೆ ಅಂದ್ಕೊಂಡ್ರಾ? ಹೀಗೇ ಬಿಟ್ರೆ ತುಕ್ಕೇ ಈ ಹೆಸರನ್ನ ತಿಂದುಹಾಕುತ್ತೆ.”

ಮಾವ ಸುಮ್ಮನೆ ನಿಂತುಬಿಟ್ಟರು. ಮುಟ್ಟದೇ ಇರುವುದೇ ಕಾಪಾಡುವುದು ಅಂತ ಇಷ್ಟು ವರ್ಷ ನಂಬಿದ್ದವರು ಅವರು. ನಾನೂ ಹಾಗೇ ತಿಳಿದಿದ್ದೆ.

ಕೊನೆಗೆ ಆದ ತೀರ್ಮಾನ ಇದು. ಛಾವಣಿಯ ಸಂದುಗಳ ಹಳೇ ಸೀಲೆಂಟು ಕೆರೆದು ಹೊಸದು ತುಂಬಿ, ಪ್ರೈಮರ್ ಕೊಟ್ಟು ಬಿಳಿ ಬಣ್ಣ. ಕಿಟಕಿಯ ಕೆಳಗೆ, ಚಕ್ರದ ಹತ್ತಿರ ತುಕ್ಕಿನ ತಗಡು ಕತ್ತರಿಸಿ ಹೊಸ ತುಂಡು ಬೆಸುಗೆ, ಅಷ್ಟು ಭಾಗಕ್ಕೆ ಮಾತ್ರ ಹಳೇ ಬಣ್ಣಕ್ಕೇ ಹೊಂದುವ ಬಣ್ಣ. ಉಳಿದ ಮೈಗೆ ಪಾಲಿಷ್. ಪೂರ್ತಿ ಬಣ್ಣಕ್ಕೆ ಮಾವನ ಆರು ತಿಂಗಳ ದುಡಿಮೆ ಹೋಗುತ್ತಿತ್ತು, ಇದಕ್ಕೆ ಎರಡು ತಿಂಗಳದ್ದು. ಎಲ್ಲವೂ ಮಳೆ ಹಿಡಿಯುವ ಮೊದಲೇ ಮುಗಿಯಬೇಕು, ತೇವದ ಗಾಳಿಯಲ್ಲಿ ಬಣ್ಣ ಮಂಕಾಗುತ್ತದೆ.

ಆ ಮೂರು ಅಂಗುಲದ ಕೆಲಸವನ್ನು ಸಾಬರು ಹುಡುಗರ ಕೈಗೆ ಕೊಡಲಿಲ್ಲ. ತಾವೇ ಸ್ಟೂಲು ಹಾಕಿಕೊಂಡು ಕೂತು, ಗೀರಿನೊಳಗಿನ ತುಕ್ಕನ್ನು ಸಣ್ಣ ಬ್ಲೇಡಿನಿಂದ ಕೆರೆದು, ತುಕ್ಕು ತೆಗೆಯುವ ದ್ರಾವಣ ಹಚ್ಚಿ, ತೊಳೆದು, ಒಣಗಿಸಿ, ಮೇಲೆ ನೀರಿನಂಥ ಕ್ಲಿಯರ್ ಕೋಟ್ ಹೊಡೆದರು. “ಇದು ಕಾಯಂ ಅಲ್ಲ ಯಜಮಾನ್ರೇ. ಎರಡು ಮೂರು ವರ್ಷಕ್ಕೊಂದು ಸಲ ತಂದು ತೋರಿಸ್ಬೇಕು.” ಮಾವ ಹೂಂ ಅಂದರು.

ಮಗಳಿಗೆ ಮೊದಲು ಅಸಮಾಧಾನ. ಪಾಲಿಷ್ ಆದ ವ್ಯಾನಿನ ಫೋಟೋ ನೋಡಿ, “ಪರವಾಗಿಲ್ಲ ಅಪ್ಪ, ಕಳೆ ಬಂದಿದೆ” ಅಂದಳು. ಈಗ ಒಳಗೆ ಮಂಚ ಬಂದಿವೆ. ಬಲ್ಬಿನ ಕನ್ನಡಿಯನ್ನು ಅವಳೇ ಬೇಡವೆನ್ನದೆ ಉಳಿಸಿಕೊಂಡಳು.

ನಿಮ್ಮ ಮನೆ ಮುಂದೆಯೂ ಹಳೇ ಲೂನಾ ಇರಬಹುದು, ಮ್ಯಾಟಡೋರ್ ಇರಬಹುದು. ಬಣ್ಣದ ಅಂಗಡಿಗೆ ಓಡುವ ಮೊದಲು ಅಂಗೈಯಿಂದ ಒಮ್ಮೆ ಉಜ್ಜಿ ನೋಡಿ, ಒಂದು ಅಯಸ್ಕಾಂತ ಎಳೆದು ನೋಡಿ, ತಲೆಮೇಲೆ ಹತ್ತಿ ನೋಡಿ. ಇನ್ನು ಮೈಸೂರು ಕಡೆಯ ರಸ್ತೆಯಲ್ಲಿ ಬಿಳಿ ಛಾವಣಿಯ ಹಳೇ ವ್ಯಾನೊಂದು ಎದುರಾದರೆ ಎಡಗಡೆ ಬಾಗಿಲಿನ ಹಿಡಿಯ ಕೆಳಗೆ ನೋಡಿ. ಮುಟ್ಟಿ ನೋಡಿದರೂ ಮಾವ ಬೈಯುವುದಿಲ್ಲ. ಆದರೆ ದಯವಿಟ್ಟು ಬೀಗದ ಕೈ ಮಾತ್ರ ಜೇಬಿನಲ್ಲೇ ಇರಲಿ!